ಸಾಲವಿಲ್ಲದವನ ಹೊಟ್ಟೆಕಿಚ್ಚು

ಆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತ ಮೇಲೆ ಮೊದಲು ವಿಚಾರಿಸುತ್ತಿದ್ದದ್ದು ಸಾಲದ ಯೋಗಕ್ಷೇಮ. ಅಮ್ಮ ಅನ್ನದ ಪಾತ್ರೆಯ ಮುಚ್ಚಳ ತೆಗೆಯುತ್ತ, ಮಗುವಿನ ಜ್ವರ ಕೇಳುವ ದನಿಯಲ್ಲಿ ಕಿರಿಮಗನನ್ನು ಕೇಳುತ್ತಿದ್ದಳು.

“ಏನಪ್ಪಾ, ಸ್ವಲ್ಪ ಇಳೀತಾ?”

“ಇಳೀತಿದೆ ಅಮ್ಮ. ಫೈನಾನ್ಸಿನವರ ಕಂತು ಇವತ್ತು ಕಟ್ಟಿ ಬಂದೆ. ಬ್ಯಾಂಕಿಂದು ಮುಂದಿನ ವಾರ.”

“ಪಾಪ, ಎಷ್ಟು ಬಡವಾಗಿದ್ದೀಯೋ,” ಎಂದು ಅಮ್ಮ ಬೇಯಿಸಿಟ್ಟಿದ್ದ ಒಂದೇ ಒಂದು ಮೊಟ್ಟೆಯನ್ನು ಅವನ ತಟ್ಟೆಗೆ ಹಾಕುತ್ತಿದ್ದಳು.

ಎದುರಿಗೆ ಕೂತ ಹಿರಿಮಗ ಆ ಮೊಟ್ಟೆ ಪಾತ್ರೆಯಿಂದ ಹೊರಟು ತಮ್ಮನ ತಟ್ಟೆ ಸೇರುವ ತನಕ ಅದನ್ನು ಕಣ್ಣಲ್ಲೇ ಬೀಳ್ಕೊಡುತ್ತಿದ್ದ. ನಲವತ್ತಾರು ವರ್ಷದ ಗಂಡಸು, ಮದುವೆಯಾಗಿ ಕಾಲೇಜಿಗೆ ಹೋಗುವ ಮಗಳಿದ್ದವನು, ಒಂದು ಮೊಟ್ಟೆಗಾಗಿ ಹೊಟ್ಟೆಕಿಚ್ಚು ಪಡುತ್ತಿದ್ದ. ಅದನ್ನು ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲವಾದ್ದರಿಂದ ಅದು ಒಳಗೊಳಗೇ ಇನ್ನಷ್ಟು ಉರಿಯುತ್ತಿತ್ತು.

ಅವನನ್ನು ಬೀದಿಯವರೆಲ್ಲ ಸೋಫಾ ಮೇಸ್ತ್ರಿ ಎನ್ನುತ್ತಿದ್ದರು. ಹಿಂದಿನ ಬೀದಿಯಲ್ಲಿ ತಗಡಿನ ಶೆಡ್ಡು. ಹರಿದ ಸೋಫಾದ ಬಟ್ಟೆ ಕಿತ್ತು, ತುಕ್ಕು ಹಿಡಿದ ಮೊಳೆ ತೆಗೆದು, ಕುಸಿದ ಸ್ಪ್ರಿಂಗು ಬದಲಾಯಿಸಿ, ಹೊಸ ಸ್ಪಂಜಿಟ್ಟು ರೆಕ್ಸಿನ್ ಹೊದಿಸಿ ಕೊಟ್ಟರೆ, ಮನೆಯವರು ತಮ್ಮದೇ ಸೋಫಾ ಗುರುತು ಸಿಗದೆ ಸುತ್ತು ಹಾಕಿ ನೋಡುತ್ತಿದ್ದರು. ಮನೆ ಬಾಡಿಗೆ, ದಿನಸಿ, ಕರೆಂಟು ಅವನ ದುಡಿಮೆಯಲ್ಲಿ ನಡೆಯುತ್ತಿತ್ತು. ಹೆಂಡತಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಅವಳ ಸಂಬಳ ಮಗಳ ಫೀಸಿಗೂ ಅತ್ತೆಯ ಮಾತ್ರೆಗೂ ಹೋಗುತ್ತಿತ್ತು. ಮೇಸ್ತ್ರಿ ಹುಟ್ಟಿದಾರಭ್ಯ ಯಾರ ಹತ್ತಿರವೂ ಒಂದು ಕಾಸು ಕೈಗಡ ತಂದವನಲ್ಲ. ಅದು ಅವನ ಹೆಮ್ಮೆ. ಆ ಹೆಮ್ಮೆಯನ್ನು ನೋಡುವವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ.

ತಮ್ಮನದು ಬೇರೆ ಕಥೆ. ಅವನು ಜಿಮ್ಮು ತೆರೆದಿದ್ದ. ತೂಕ ಎತ್ತುವ ಸಾಮಾನು, ನಿಂತಲ್ಲೇ ಓಡುವ ಯಂತ್ರ, ಗೋಡೆ ತುಂಬ ಕನ್ನಡಿ, ಎಲ್ಲ ಸಾಲದ ಮೇಲೆ. ಮೊದಲ ತಿಂಗಳು ಬೀದಿಯ ಅರ್ಧ ಜನ ಬಂದು ಎತ್ತಿದರು. ಎರಡನೇ ತಿಂಗಳು ಮೈಕೈ ನೋವೆಂದು ಮನೆಯಲ್ಲೇ ಉಳಿದರು. ವರ್ಷ ತುಂಬುವುದರೊಳಗೆ ಜಿಮ್ಮಿಗೆ ಬೀಗ ಬಿತ್ತು, ನಾಲ್ಕು ಕಡೆಯ ಸಾಲ ಮಾತ್ರ ಬಾಗಿಲು ತೆರೆದುಕೊಂಡೇ ಇತ್ತು. ಆಗಲೇ ಅವನಿಗೆ ಪೈಲ್ವಾನ ಎಂಬ ಹೆಸರು ಬಿದ್ದದ್ದು. ಈಗ ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತಿದ್ದ, ಮಧ್ಯಾಹ್ನದಿಂದ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಿದ್ದ. ಬಂದದ್ದೆಲ್ಲ ಸಾಲಕ್ಕೇ. ಪೈಲ್ವಾನನ ಅಂಗಿಯೊಳಗೆ ಈಗ ಇನ್ನೊಬ್ಬ ಪೈಲ್ವಾನ ಹಿಡಿಸುವಷ್ಟು ಜಾಗವಿತ್ತು.

“ಹೋಟೆಲಿನವರ ಮೂಲೆ ಸೋಫಾ ಇವತ್ತು ಮುಗೀತು,” ಎಂದ ಮೇಸ್ತ್ರಿ ಒಂದು ಸಂಜೆ. “ಮ್ಯಾನೇಜರು ಬಂದು ಕೂತು ನೋಡಿ, ಹೊಸದು ತಂದ್ರೂ ಹೀಗಿರಲ್ಲ ಅಂದ್ರು.”

“ಹೌದಾ,” ಎಂದಳು ಅಮ್ಮ. “ಚಿಕ್ಕವನೇ, ಇನ್ನೊಂದು ಚೂರು ಬೇಳೆ ಹಾಕ್ಲಾ? ಬಿಸಿಲಲ್ಲಿ ತಿರುಗಿ ತಿರುಗಿ ಮುಖ ಕಪ್ಪಿಟ್ಟಿದೆ.”

“ನಾನೂ ತಗಡಿನ ಕೆಳಗೇ ಕೂತಿರ್ತೀನಿ,” ಎಂದ ಮೇಸ್ತ್ರಿ.

“ನಿನಗೆ ನೆರಳಾದ್ರೂ ಇದೆಯಲ್ಲೋ.”

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮೇಸ್ತ್ರಿ ಅವಳತ್ತ ಕಣ್ಣು ಬಿಟ್ಟ.

ತಿಂಗಳ ಮೊದಲ ವಾರ ಹೆಂಡತಿ ಇನ್ನೊಂದು ಸುತ್ತು ಖರ್ಚು ಬಿಗಿ ಮಾಡಿದಳು. ಹಾಲು ಅರ್ಧಕ್ಕಿಳಿಯಿತು. ಸಂಜೆ ಒಂದೇ ಕೋಣೆಯಲ್ಲಿ ದೀಪ, ಎಲ್ಲರೂ ಅದರ ಕೆಳಗೇ. ತರಕಾರಿ ಅಂದರೆ ಎಲೆಕೋಸು, ಎಲೆಕೋಸು ಬೇಸರವಾದರೆ ಆಲೂಗೆಡ್ಡೆ.

“ಸಾಲ ಮಾಡಿದೋನು ಅವನು, ನೀರು ಟೀ ಕುಡಿಯೋನು ನಾನು,” ಎಂದು ಮೇಸ್ತ್ರಿ ಲೋಟ ನೋಡುತ್ತ ಗೊಣಗಿದ.

“ಕುಡೀರಿ. ನೀರು ಒಳ್ಳೇದು,” ಎಂದಳು ಅವಳು, ಚೀಲ ಹೆಗಲಿಗೇರಿಸುತ್ತ. ಶಾಲೆಯ ಒಲೆ ಹೊತ್ತಿಸುವ ಹೊತ್ತಾಗಿತ್ತು. “ಬೇಳೆ ನೆನೆಹಾಕಿದ್ದೀನಿ. ಬಟ್ಟೆ ಒಣಗಿದ್ರೆ ತೆಗೆದಿಡಿ.”

ಅವನು ಬಟ್ಟೆ ತೆಗೆದಿಡಲಿಲ್ಲ, ಟೀ ಅಂಗಡಿಗೆ ಹೋದ. ಅಲ್ಲಿ ಹಳೇ ಬಸ್ ಕಂಡಕ್ಟರೊಬ್ಬ ದಿನಾ ಬೆಳಗ್ಗೆ ಪೇಪರು ಹಿಡಿದು ಕೂತಿರುತ್ತಿದ್ದ. ಪುಕ್ಕಟೆ ಸಲಹೆ ಕೊಡುವುದರಲ್ಲಿ ಎತ್ತಿದ ಕೈ.

“ನಿಮ್ಮ ತಮ್ಮ ಗಂಡಸು ಕಣ್ರೀ ಮೇಸ್ತ್ರಿ,” ಎಂದ ಕಂಡಕ್ಟರು. “ಅವನ ಜಾಗದಲ್ಲಿ ಬೇರೆಯವನಾಗಿದ್ರೆ ಊರು ಬಿಟ್ಟು ಓಡಿಹೋಗ್ತಿದ್ದ. ಇವನು ನಿಂತು ತೀರಿಸ್ತಿದ್ದಾನೆ. ದೊಡ್ಡ ಗುಣ.”

“ನಾನು ಸಾಲಾನೇ ಮಾಡಿಲ್ಲವಲ್ಲ, ಅದು?”

“ಮಾಡಿಲ್ಲ ಅಂದ್ಮೇಲೆ ತೀರಿಸೋ ಮಾತೇ ಬರಲ್ಲ,” ಎಂದು ಕಂಡಕ್ಟರು ಪೇಪರು ಮಗುಚಿದ.

ಆ ಮಾತು ಮೇಸ್ತ್ರಿಯ ಮನಸ್ಸಿಗೆ ಚುಚ್ಚಿಕೊಂಡಿತು. ಕಷ್ಟಪಟ್ಟು ಸಾಲ ಮಾಡದೆ ಇದ್ದದ್ದಕ್ಕೆ ಲೆಕ್ಕವಿಲ್ಲ. ಮಾಡಿ, ಹಾಳಾಗಿ, ಮನೆಯವರ ಅನ್ನದಲ್ಲಿ ಕೂತು ತೀರಿಸಿದರೆ ದೊಡ್ಡ ಗುಣ. ಇಡೀ ದಿನ ಅವನು ಮೊಳೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಕಿತ್ತ.

ಮರುವಾರ ಸೂಜಿ ತರಲೆಂದು ಹೊಲಿಗೆ ಮೆಷಿನ್ನಿನ ಅಂಗಡಿಗೆ ಹೋದ. ಬಾಗಿಲಲ್ಲೇ ಒಂದು ದಪ್ಪ ಹೊಲಿಗೆಯ ಮೆಷಿನ್ನಿತ್ತು, ರೆಕ್ಸಿನ್ ನಾಲ್ಕು ಪದರ ಕೊಟ್ಟರೂ ಸರಾಗ ನುಂಗುವಂಥದು. ಅವನ ಹಳೇ ಮೆಷಿನ್ನಿಗೆ ಎರಡು ಪದರಕ್ಕೇ ಏದುಸಿರು ಬರುತ್ತಿತ್ತು. ದಪ್ಪ ಕೆಲಸವನ್ನೆಲ್ಲ ಅವನು ಬೇರೆ ಅಂಗಡಿಗೆ ಕೊಟ್ಟು, ಕೂಲಿ ತೆತ್ತು ಹೊಲಿಸಿಕೊಂಡು ಬರುತ್ತಿದ್ದ. ಮನೆ ಪರಿಸ್ಥಿತಿ ನೋಡಿ ಹೊಸ ಮೆಷಿನ್ನಿನ ಆಸೆಯನ್ನು ಎಷ್ಟೋ ಸಲ ನುಂಗಿಕೊಂಡಿದ್ದ.

“ದುಡ್ಡು ಈಗಲೇ ಬೇಡ ಮೇಸ್ತ್ರಿ,” ಎಂದ ಅಂಗಡಿಯವನು. “ಸಾಲದ ಕಂಪನಿಯವನು ಇಲ್ಲೇ ಕೂತಿದ್ದಾನೆ. ಇವತ್ತು ಸಹಿ, ನಾಳೆ ಮೆಷಿನ್ನು ನಿಮ್ಮ ಶೆಡ್ಡಲ್ಲಿ.”

ಬೇರೆ ದಿನವಾಗಿದ್ದರೆ ಮೇಸ್ತ್ರಿ ಸಾಲವೆಂಬ ಶಬ್ದಕ್ಕೇ ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದ. ಇವತ್ತು ಕುರ್ಚಿ ಎಳೆದುಕೊಂಡು ಕೂತ. ಮೆಷಿನ್ನು ಬೇಕಾಗಿತ್ತೆಂಬುದು ನಿಜ. ಆದರೆ ಸಹಿ ಹಾಕುವಾಗ ಅವನ ಕಿವಿಯಲ್ಲಿ ಅಮ್ಮನ ದನಿ ಕೇಳುತ್ತಿತ್ತು: ದೊಡ್ಡವನೇ, ನಿಂದು ಸ್ವಲ್ಪ ಇಳೀತೇನಪ್ಪಾ? ಅದೇ ಗುಂಗಿನಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಸೂಜಿ ಕೊಳ್ಳುವುದನ್ನು ಮರೆತು ಮನೆಗೆ ಬಂದ.

ಆ ಸಂಜೆ ಊಟಕ್ಕೆ ಮುಖ ಇಳಿಬಿಟ್ಟುಕೊಂಡು ಕೂತ. ಯಾರಾದರೂ ಏನಾಯಿತೆಂದು ಕೇಳಲಿ, ಆಮೇಲೆ ನಿಧಾನಕ್ಕೆ ಹೇಳೋಣವೆಂದು ಅವನ ಲೆಕ್ಕಾಚಾರ.

“ಹಲ್ಲು ನೋವಾ ಅಪ್ಪ?” ಎಂದಳು ಮಗಳು.

“ಅಲ್ಲ.”

“ಹೊಟ್ಟೆ ಕೆಟ್ಟಿದೆಯೇನ್ರೀ?” ಎಂದಳು ಹೆಂಡತಿ. “ಎಲೆಕೋಸು ಬಿಟ್ಟುಬಿಡಿ ಹಾಗಾದ್ರೆ.”

“ಹೊಟ್ಟೆ ಸರಿಯಾಗೇ ಇದೆ. ಒಂದು ವಿಷಯ ಹೇಳಬೇಕಿತ್ತು...”

ಅಷ್ಟರಲ್ಲಿ ಪೈಲ್ವಾನ ಕುಂಟುತ್ತ ಒಳಗೆ ಬಂದ. ಬೈಕು ಜಾರಿ ಬಿದ್ದು ಮಂಡಿ ತರಚಿತ್ತು, ಪ್ಯಾಂಟು ಹರಿದಿತ್ತು. ಅಮ್ಮ ಹೌಹಾರಿ ಎದ್ದಳು. ಬಿಸಿನೀರು ಬಂತು, ಹತ್ತಿ ಬಂತು, ಸ್ಟೂಲು ಬಂತು. ಪಾರ್ಸೆಲ್ಲಿಗೆ ಏನೂ ಆಗಿಲ್ಲ ತಾನೆ ಎಂದು ಮಗಳು ಕೇಳಿದಳು. ಮೇಸ್ತ್ರಿಯ ವಿಷಯ ತಟ್ಟೆಯಲ್ಲಿದ್ದ ಅನ್ನದ ಜೊತೆ ತಣ್ಣಗಾಯಿತು.

ಮರುದಿನ ಹೇಳೋಣವೆಂದರೆ ಮರುದಿನ ಪೈಲ್ವಾನ ಗೆಳೆಯನೊಬ್ಬನ ಕೈಸಾಲ ಪೂರ್ತಿ ತೀರಿಸಿ ಬಂದಿದ್ದ. ಅದರ ಮರುದಿನ ಅಮ್ಮನಿಗೆ ತಲೆಸುತ್ತು. ಹೀಗೆ ದಿನ ಕಳೆದಂತೆ ಹೇಳಬೇಕಾದ ಮಾತು ಬಾಯಲ್ಲೇ ಹಳಸಿತು. ಶೆಡ್ಡಿಗೆ ಮೆಷಿನ್ನು ಬಂದಿತ್ತು. ಅವನು ಅದರ ಮೇಲೆ ಹಳೇ ಸೋಫಾದ ಕವರು ಹೊದಿಸಿ, ಮನೆಯವರು ಯಾರೂ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ತೆಗೆದು ಹೊಲಿಯುತ್ತಿದ್ದ. ಮೊದಲ ಕಂತನ್ನು ಸ್ಪಂಜಿಗೆ ಇಟ್ಟಿದ್ದ ದುಡ್ಡಿನಲ್ಲಿ ಕಟ್ಟಿದ. ಕಟ್ಟಿ ಬಂದವನನ್ನು ಯಾರೂ ಪಾಪ ಎನ್ನಲಿಲ್ಲ. ಕಳ್ಳ ಸಾಲಕ್ಕೆ ಮರುಕ ಸಿಗುವುದಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

ಅದೇ ವಾರ ಪೈಲ್ವಾನ ಮುಖವರಳಿಸಿಕೊಂಡು ಬಂದ. ಪೇಟೆಯ ಸಹಕಾರ ಸಂಘದವರು ಕಡಿಮೆ ಬಡ್ಡಿಗೆ ಒಂದೇ ದೊಡ್ಡ ಸಾಲ ಕೊಡಲು ಒಪ್ಪಿದ್ದರಂತೆ. ಅದರಲ್ಲಿ ಉಳಿದ ಮೂರೂ ಸಾಲ ತೀರಿಸಿಬಿಡಬಹುದು. ಫೈನಾನ್ಸಿನವರ ಕಾಟ ತಪ್ಪುತ್ತದೆ, ಕಂತು ಅರ್ಧವಾಗುತ್ತದೆ.

“ಒಂದೇ ಷರತ್ತು,” ಎಂದ. “ಜಾಮೀನಿಗೆ ಒಬ್ಬರು ಬೇಕು. ಅವರ ಹೆಸರಲ್ಲಿ ಯಾವ ಸಾಲಾನೂ ಇರಬಾರದು.”

ಎಲ್ಲರ ಮುಖವೂ ಒಟ್ಟಿಗೇ ಮೇಸ್ತ್ರಿಯ ಕಡೆ ತಿರುಗಿತು.

“ಇವನಿದ್ದಾನಲ್ಲೋ!” ಎಂದಳು ಅಮ್ಮ. ಅವಳ ಕಣ್ಣು ತುಂಬಿತ್ತು. “ನನ್ನ ದೊಡ್ಡ ಮಗನ ಹೆಸರಲ್ಲಿ ಒಂದು ಕಾಸಿನ ಸಾಲ ಇಲ್ಲ. ಚಿನ್ನದಂಥ ಹೆಸರು. ಇವನೊಬ್ಬ ನೆಟ್ಟಗೆ ಇದ್ದದ್ದಕ್ಕೆ ಇವತ್ತು ಈ ಮನೆ ಉಳೀತು.”

ಹೀಗೆಂದವಳೇ ಮೊಟ್ಟೆಯನ್ನು ಎತ್ತಿ ಮೇಸ್ತ್ರಿಯ ತಟ್ಟೆಗೆ ಹಾಕಿದಳು.

ಅವನು ಅದನ್ನು ತಟ್ಟೆಯಲ್ಲಿ ಎರಡು ಸುತ್ತು ಉರುಳಿಸಿ ನೋಡಿದ. ಆಮೇಲೆ ನುಂಗಿದ. ಆಗಲೇ ಹೇಳಿಬಿಡಬೇಕಿತ್ತು, ಬಾಯಿ ಕೂಡ ತೆರೆದಿದ್ದ. ಅಮ್ಮ ತಲೆ ಸವರಿದಳು. ಎಷ್ಟೋ ಕಾಲದ ಮೇಲೆ ಸವರಿದ ಕೈ ಅದು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಆಮೇಲಿನ ದಿನಗಳು ಅವನಿಗೆ ಹಬ್ಬವೂ ಹೌದು, ಶಿಕ್ಷೆಯೂ ಹೌದು. ಅಮ್ಮ ಮಧ್ಯಾಹ್ನ ತಾನೇ ಶೆಡ್ಡಿಗೆ ಗಟ್ಟಿ ಹಾಲಿನ ಟೀ ತಂದಳು. ಅವನು ಓಡಿಹೋಗಿ ಬೀದಿಯಲ್ಲೇ ಲೋಟ ಇಸಿದುಕೊಂಡ, ಒಳಗೆ ಬಂದರೆ ಮೆಷಿನ್ನು ಕಂಡೀತೆಂದು. ತಮ್ಮ ಅವನ ಅಂಗಿ ಇಸ್ತ್ರಿ ಮಾಡಿಕೊಟ್ಟ. ಟೀ ಅಂಗಡಿಯ ಕಂಡಕ್ಟರು ಕೂಡ, “ನಿಮ್ಮಂಥೋರು ಬೆನ್ನಿಗಿರಬೇಕು ಕಣ್ರೀ,” ಎಂದು ಪೇಪರಿನ ಒಂದು ಹಾಳೆ ಓದಲು ಕೊಟ್ಟ. ಮೇಸ್ತ್ರಿ ಎಲ್ಲವನ್ನೂ ಅನುಭವಿಸಿದ. ಮೆಷಿನ್ನಿನ ಸಾಲ ಚಿಕ್ಕದು, ಅಷ್ಟೆಲ್ಲ ಯಾರು ಕೆದಕುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೆಂಡತಿಗೊಬ್ಬಳಿಗೆ ಹೇಳಿ ಭಾರ ಇಳಿಸಿಕೊಳ್ಳೋಣವೆಂದು ಒಂದು ಸಂಜೆ ಅಡುಗೆಮನೆಗೆ ಹೋದ. ಅವಳು ಸೊಪ್ಪು ಬಿಡಿಸುತ್ತ ಕೂತಲ್ಲೇ, ಗೋಡೆಗೊರಗಿ ನಿದ್ದೆಹೋಗಿದ್ದಳು. ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗಿದ.

ಸಂಘದ ಕಚೇರಿಯಲ್ಲಿ ಕೆದಕುವ ಕೆಲಸಕ್ಕೆಂದೇ ಒಬ್ಬಳು ಗುಮಾಸ್ತೆಯಿದ್ದಳು. ಕಂಪ್ಯೂಟರಿನಲ್ಲಿ ಮೇಸ್ತ್ರಿಯ ಹೆಸರು ಹಾಕಿ ನೋಡಿ, ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು.

“ಸಾಲ ಏನೂ ಇಲ್ಲ ಅಂದ್ರಲ್ಲ ನೀವು?”

“ಇಲ್ಲ ಮೇಡಂ,” ಎಂದ ಪೈಲ್ವಾನ, ಅಣ್ಣನ ಪರವಾಗಿ. “ಬೇಕಾದ್ರೆ ಬರೆದು ಕೊಡ್ತೀನಿ. ನಮ್ಮಣ್ಣ ಜೀವಮಾನದಲ್ಲಿ ಸಾಲ ಮಾಡಿದವನಲ್ಲ.”

“ಹೋದ ತಿಂಗಳು ಮಾಡಿದ್ದಾರಲ್ಲ. ಹೊಲಿಗೆ ಮೆಷಿನ್ನು. ಒಂದು ಕಂತೂ ಕಟ್ಟಿದ್ದಾರೆ.”

ಪೈಲ್ವಾನ ಅಣ್ಣನ ಮುಖ ನೋಡಿದ. ಮೇಸ್ತ್ರಿ ಎದುರಿನ ಬೆಂಚು ನೋಡಿದ. ಅದರ ರೆಕ್ಸಿನ್ ಮೂಲೆಯಲ್ಲಿ ಹರಿದು ಸ್ಪಂಜು ಹೊರಬಂದಿತ್ತು. ಎಷ್ಟು ಮೀಟರು ಬೇಕಾದೀತೆಂದು ಅವನ ತಲೆ ಲೆಕ್ಕ ಹಾಕತೊಡಗಿತು, ಬೇರೆ ಯಾವ ಯೋಚನೆಯೂ ಬರಬಾರದೆಂದು.

“ಇವರದು ಆಗಲ್ಲ,” ಎಂದಳು ಗುಮಾಸ್ತೆ. “ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ. ತಿಂಗಳ ಕೊನೆಯವರೆಗೂ ಅರ್ಜಿ ಇಟ್ಕೊಂಡಿರ್ತೀನಿ. ಆಮೇಲೆ ನನ್ನ ಕೈಲಿಲ್ಲ.”

ಇಬ್ಬರೂ ನಡೆದುಕೊಂಡು ಹೊರಟರು. ತಮ್ಮ ಬೈಯಲಿ, ಕೂಗಾಡಲಿ ಎಂದು ಮೇಸ್ತ್ರಿ ಕಾದ.

“ಮೆಷಿನ್ನು ಚೆನ್ನಾಗಿದೆಯಾ?” ಎಂದ ಪೈಲ್ವಾನ ಕೊನೆಗೆ.

“ಹ್ಞೂಂ.”

“ಹೇಳಬಾರದಿತ್ತಾ ಅಣ್ಣ?”

ಮೇಸ್ತ್ರಿ ತನ್ನ ಚಪ್ಪಲಿ ನೋಡುತ್ತ ನಡೆದ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಮೆಷಿನ್ನು ತಂದೆ ಎಂದು ನಡುಬೀದಿಯಲ್ಲಿ ಯಾವ ಬಾಯಲ್ಲಿ ಹೇಳುವುದು.

“ಹೋಗಲಿ ಬಿಡು,” ಎಂದ ತಮ್ಮ. “ಮನೇಲಿ ನಾನು ಮಾತಾಡ್ತೀನಿ. ನೀನು ಸುಮ್ಮನಿರು.”

ಅವತ್ತು ಅಮ್ಮ ಇಬ್ಬರಿಗೂ ಒಂದೊಂದು ಮೊಟ್ಟೆ ಬೇಯಿಸಿಟ್ಟಿದ್ದಳು. ಮುಖ ನೋಡಿದ ಕೂಡಲೇ ಅವಳ ಕೈ ನಿಂತಿತು.

“ಏನಾಯ್ತೋ?”

“ಆಗಲಿಲ್ಲ ಅಮ್ಮ,” ಎಂದ ಪೈಲ್ವಾನ ಕೂರುತ್ತ. “ನನ್ನದೇ ಹಳೇ ಕಂತು ಯಾವುದೋ ತಪ್ಪಿತ್ತಂತೆ. ಅದಕ್ಕೆ ಬೇಡ ಅಂದ್ರು. ಅಣ್ಣ ಪಾಪ ಎಲ್ಲ ಕೆಲಸ ಬಿಟ್ಟು ಬಂದಿದ್ದ.”

“ಅಯ್ಯೋ ನನ್ನ ಕಂದ,” ಎಂದಳು ಅಮ್ಮ. ಇನ್ನೇನು ಅತ್ತೇಬಿಡುವವಳಂತೆ ಅವನ ಬೆನ್ನು ಸವರಿದಳು. “ನಿನ್ನ ಹಣೇಲಿ ಇನ್ನೂ ಎಷ್ಟು ಬರೆದಿದೆಯೋ. ಎಷ್ಟು ದುಡಿದ್ರೂ ತೀರದಲ್ಲಪ್ಪಾ.” ಎರಡು ಮೊಟ್ಟೆಯನ್ನೂ ಅವನ ತಟ್ಟೆಗೇ ಹಾಕಿದಳು. ಮಗಳು ಎದ್ದುಹೋಗಿ ಚಿಕ್ಕಪ್ಪನಿಗೆ ನೀರು ತಂದಿಟ್ಟಳು. ಹೆಂಡತಿ ಕೂಡ ಅವನಿಗೆ ಬೇಳೆಯ ಗಟ್ಟಿ ಭಾಗವನ್ನೇ ಬಡಿಸಿದಳು.

ಮೇಸ್ತ್ರಿ ನೋಡುತ್ತಿದ್ದ. ತಪ್ಪು ಮುಚ್ಚಿಹೋಯಿತು, ತಮ್ಮ ಮರ್ಯಾದೆ ಉಳಿಸಿದ, ಸುಮ್ಮನೆ ತಲೆ ತಗ್ಗಿಸಿ ಉಂಡು ಎದ್ದರೆ ಮುಗಿಯಿತು. ಬುದ್ಧಿ ಹಾಗೇ ಹೇಳುತ್ತಿತ್ತು. ಆದರೆ ಹೊಟ್ಟೆಯೊಳಗಿನದು ಬುದ್ಧಿಯ ಮಾತು ಕೇಳುವ ಜಾತಿಯದಲ್ಲ. ತಪ್ಪು ಮಾಡಿದವನು ತಾನು, ಬೆನ್ನು ಸವರಿಸಿಕೊಳ್ಳುವವನು ಅವನು! ಇದನ್ನೂ ಅವನೇ ಹೊಡೆದುಕೊಂಡನಲ್ಲ!

“ಅದು ನನ್ನ ತಪ್ಪು!” ಎಂದು ಅರಚಿದ.

ಎಲ್ಲರೂ ಬೆಚ್ಚಿದರು.

“ಅಣ್ಣ, ಸುಮ್ಮನಿರು ಅಂದಿದ್ದೆ,” ಎಂದ ಪೈಲ್ವಾನ.

“ಯಾಕೆ ಸುಮ್ಮನಿರಬೇಕು? ಅವನ ಕಂತು ತಪ್ಪಿಲ್ಲ, ಏನೂ ಇಲ್ಲ. ಸಾಲ ಇರೋದು ನನಗೆ. ನಾನು ಮಾಡಿದ್ದೀನಿ. ಸಾಲ ಮಾಡಿ ಮೆಷಿನ್ನು ತಂದು ಶೆಡ್ಡಲ್ಲಿಟ್ಟಿದ್ದೀನಿ. ನನ್ನ ದೆಸೆಯಿಂದ ಅರ್ಜಿ ನಿಂತಿದ್ದು. ಬೈಯೋದಿದ್ರೆ ನನ್ನನ್ನ ಬೈಯಿರಿ, ಅಯ್ಯೋ ಅನ್ನೋದಿದ್ರೂ ನನಗೇ ಅನ್ನಿ!”

ಮಗಳು ಅರ್ಧ ಎತ್ತಿದ್ದ ತುತ್ತನ್ನು ಇಳಿಸಿದಳು. ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ನೀನು ಸಾಲ ಮಾಡಿದ್ಯಾ? ಯಾಕೋ?”

“ಅವನು ಮಾಡಿದ್ದಕ್ಕೆ ನೀನು ದಿನಾ ಅವನ ಮುಖ ನೋಡ್ತೀಯ. ಅವನಿಗೇ ಹಾಲು, ಅವನಿಗೇ ಮೊಟ್ಟೆ, ಅವನಿಗೇ ಪಾಪ. ನಾನು ಎಷ್ಟು ಒಳ್ಳೇ ಕೆಲಸ ಮಾಡಿ ಬಂದ್ರೂ ‘ಹೌದಾ’ ಅಂತೀಯ. ನನಗೆ ಹೊಟ್ಟೆಕಿಚ್ಚು ಅಮ್ಮ. ಆಯ್ತಾ? ಹೇಳ್ಬಿಟ್ಟೆ.”

ಹೇಳಿದ ಮೇಲೆ ಅವನಿಗೆ ತನ್ನ ಮೀಸೆಯ ಮೇಲೇ ನಾಚಿಕೆಯಾಯಿತು. ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಪೈಲ್ವಾನ ತನ್ನ ತಟ್ಟೆಯನ್ನು ಎತ್ತಿ ಅಣ್ಣನ ಮುಂದೆ ಕುಕ್ಕಿದ. ಎರಡು ಮೊಟ್ಟೆಯೂ ಉರುಳಿದವು.

“ತಗೋ, ಎರಡೂ ನೀನೇ ತಿನ್ನು. ಇದು ನನ್ನ ಗಂಟಲಲ್ಲಿ ಇಳಿಯೋದೇ ಇಲ್ಲ. ನಾನು ಎರಡನೇ ಸಲ ಅನ್ನ ಬಡಿಸ್ಕೊಂಡ್ರೆ ಎಲ್ಲರೂ ನನ್ನ ಕೈ ನೋಡ್ತೀರಿ. ಒಂದು ಬನಿಯನ್ ತಗೊಂಡ್ರೆ ಎಷ್ಟಾಯ್ತು ಅಂತ ಕೇಳ್ತೀರಿ. ಜೋರಾಗಿ ನಕ್ಕು ಎಷ್ಟು ದಿನ ಆಯ್ತೋ ಏನೋ, ಸಾಲಗಾರ ನಗ್ತಾನೆ ಅಂದ್ಕೋತೀರ ಅಂತ ಭಯ. ನೀನು ಹೊಟ್ಟೆ ತುಂಬ ಉಂಡು, ತೇಗಿ, ಯಾರ ಕಡೆಗೂ ನೋಡದೆ ಎದ್ದು ಹೋಗ್ತೀಯಲ್ಲ, ಅದನ್ನ ನೋಡಿದ್ರೆ ನನ್ನ ಹೊಟ್ಟೆ ಉರಿಯುತ್ತೆ. ಗೊತ್ತಾ?”

“ನನ್ನ ಮೇಲೆ? ನಿನಗೆ?” ಎಂದ ಮೇಸ್ತ್ರಿ. ಅವನಿಗೆ ನಂಬಲಾಗಲಿಲ್ಲ. ಒಳಗೆಲ್ಲೋ ಸ್ವಲ್ಪ ಖುಷಿಯೂ ಆಯಿತು.

“ಇಬ್ಬರೂ ಬಾಯಿ ಮುಚ್ಚಿ,” ಎಂದಳು ಅಮ್ಮ. “ನನಗೇನು ಇಬ್ಬರಲ್ಲಿ ಭೇದ ಇದೆಯೇನ್ರೋ? ಬಿದ್ದವನ ಕಡೆ ಕಣ್ಣು ಹೋಗುತ್ತೆ. ನಿಂತವನು ನಿಂತಿರ್ತಾನೆ ಅಂದ್ಕೊಂಡೆ. ತಾನೂ ಬೀಳಬೇಕು ಅಂತ ಅವನು ಕಾಯ್ತಿದ್ದಾನೆ ಅಂತ ನನಗೇನು ಗೊತ್ತು!”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಹೆಂಡತಿ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಠಣ್ಣೆಂದ ಸದ್ದಿಗೆ ಎಲ್ಲರೂ ಅತ್ತ ತಿರುಗಿದರು.

“ಮುಗೀತಾ ನಿಮ್ಮದು?” ಎಂದಳು. “ಈ ಮನೇಲಿ ಹೊಟ್ಟೆಕಿಚ್ಚು ಪಡೋಕೆ ಯಾರಿಗಾದ್ರೂ ಹಕ್ಕಿದ್ರೆ ಅದು ನನಗೆ. ಏನು ಮಾಡ್ಲಿ, ಪುರುಸೊತ್ತಿಲ್ಲ. ಅಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಬರ್ತೀನಿ, ಇಲ್ಲಿ ನಿಮಗೆ ಬೇಯಿಸ್ತೀನಿ, ಪಾತ್ರೆ ಉಜ್ಜಿ ಮಲಗ್ತೀನಿ. ಒಬ್ಬನ ಸಾಲಕ್ಕೆ ಹಾಲು ಅರ್ಧ ಮಾಡಿದೆ. ಇನ್ನು ಇವರ ಸಾಲಕ್ಕೆ ಏನನ್ನ ಅರ್ಧ ಮಾಡಲಿ, ನೀವೇ ಹೇಳಿ.”

ಮೇಸ್ತ್ರಿ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದ.

“ಮೆಷಿನ್ನು ಬೇಕಿತ್ತು, ಅದು ನನಗೂ ಗೊತ್ತು,” ಎಂದಳು ಗಂಡನಿಗೆ. “ಹೇಳಿ ತಂದಿದ್ರೆ ನಾನೇ ಒಪ್ತಿದ್ದೆ. ಕದ್ದು ತಂದಿರಲ್ಲ, ಅದಕ್ಕೆ ಇನ್ನೊಂದು ದಿನ ಬೈತೀನಿ, ಇವತ್ತು ಸುಸ್ತಾಗಿದೆ.” ಆಮೇಲೆ ಮೈದುನನ ಕಡೆ ತಿರುಗಿದಳು. “ಆ ಜಾಮೀನಿಗೆ ಸಂಬಳದ ಚೀಟಿ ನಡೆಯುತ್ತಾ?”

“ನಡೆಯುತ್ತೆ ಅತ್ತಿಗೆ,” ಎಂದ ಪೈಲ್ವಾನ. “ಸಂಬಳ ಇರೋರಾದ್ರೆ ಇನ್ನೂ ಒಳ್ಳೇದು ಅಂದಿದ್ರು. ಅಂಥೋರು ನಮ್ಮಲ್ಲಿ ಯಾರಿದ್ದಾರೆ...” ಅಲ್ಲಿಗೆ ಅವನ ಮಾತು ನಿಂತಿತು.

“ನಾನಿದ್ದೀನಿ. ಹನ್ನೊಂದು ವರ್ಷದಿಂದ ತಿಂಗಳು ತಿಂಗಳು ಸಂಬಳ ತರ್ತಿದ್ದೀನಿ. ನನ್ನ ಹೆಸರಲ್ಲೂ ಸಾಲ ಇಲ್ಲ. ಚಿನ್ನದಂಥ ಹೆಸರು ಹುಡುಕೋವಾಗ ಒಬ್ಬರಾದ್ರೂ ನನ್ನ ಕಡೆ ನೋಡಿದ್ರಾ?”

ಅಮ್ಮ ತಲೆ ತಗ್ಗಿಸಿದಳು. ಮೇಸ್ತ್ರಿ ಆ ಸಂಜೆಯನ್ನು ನೆನೆದ. ಎಲ್ಲರ ಮುಖ ತನ್ನ ಕಡೆ ತಿರುಗಿದ್ದು, ಅಮ್ಮನ ಕೈ ತಲೆ ಸವರಿದ್ದು ಚೆನ್ನಾಗಿ ನೆನಪಿತ್ತು. ಅವಳು ಆಗ ಎಲ್ಲಿದ್ದಳು, ಕೂತಿದ್ದಳೋ ಬಡಿಸುತ್ತಿದ್ದಳೋ, ಎಷ್ಟು ನೆನೆದರೂ ಬರಲಿಲ್ಲ.

“ಸಹಿ ಹಾಕ್ತೀನಿ,” ಎಂದಳು ಅವಳು. “ಆದ್ರೆ ನೀನು ಒಂದು ಕಂತು ತಪ್ಪಿಸಿದ್ರೂ ಹಿಡಿಯೋದು ನನ್ನ ಸಂಬಳಾನ. ಆಗ ಮಗಳ ಫೀಸು ನಿಲ್ಲುತ್ತೆ, ಅತ್ತೆ ಮಾತ್ರೆ ನಿಲ್ಲುತ್ತೆ. ಅದನ್ನ ತಲೇಲಿ ಇಟ್ಕೊಂಡು ಬೈಕು ಓಡಿಸು, ಬಿದ್ದು ಬರಬೇಡ. ಊಟದ ಹೊತ್ತಲ್ಲಿ ಸಾಲದ ಮಾತು ಬೇಡ. ಕೇಳೋದಿದ್ರೆ ಉಂಡ ಮೇಲೆ ಕೇಳಿ ಅತ್ತೆ. ಮತ್ತೆ, ನಾಳೆಯಿಂದ ಸಂಜೆ ಪಾತ್ರೆ ನಾನು ಮುಟ್ಟಲ್ಲ. ಅಣ್ಣ ತಮ್ಮ ಹಂಚ್ಕೊಳ್ಳಿ, ಜಗಳ ಆಡ್ಕೊಳ್ಳಿ, ನನಗೆ ಸಂಬಂಧ ಇಲ್ಲ.”

“ಪಾತ್ರೇನಾ?” ಎಂದ ಮೇಸ್ತ್ರಿ.

“ಪಾತ್ರೆ ಅಪ್ಪ,” ಎಂದಳು ಮಗಳು. “ದುಂಡಗಿರುತ್ತಲ್ಲ, ಅದು.”

ತಿಂಗಳು ಮುಗಿಯುವುದರೊಳಗೆ ಸಹಿ ಆಯಿತು. ಹೆಂಡತಿ ಅರ್ಧ ದಿನ ರಜೆ ಹಾಕಿ ಹೋಗಿ ಬಂದಳು. ಗುಮಾಸ್ತೆ ಎದ್ದು ನಿಂತು ಕುರ್ಚಿ ಕೊಟ್ಟಳಂತೆ. ಅಂದು ಸಂಜೆ ಅಮ್ಮ ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡು, ಅವಳನ್ನು ಕೂರಿಸಿ, ಮೊದಲು ಅವಳಿಗೇ ಬಡಿಸಿದಳು. “ಎಷ್ಟು ಸೊರಗಿದ್ದೀಯೇ ತಾಯಿ,” ಎಂದು ಮುಖ ಸವರಿದಳು. ಪೈಲ್ವಾನ ಅತ್ತಿಗೆಗೆ ನೀರು ತುಂಬಿಕೊಟ್ಟ, ಏನೋ ತಮಾಷೆ ಮಾಡಿ ತಾನೇ ಜೋರಾಗಿ ನಕ್ಕ. ಮಗಳು ತನ್ನ ತಾಯಿಯ ಪಕ್ಕಕ್ಕೆ ಒತ್ತಿಕೊಂಡು ಕೂತಳು.

ಮೇಸ್ತ್ರಿಗೆ ಎಲ್ಲ ಸರಿಯಾಯಿತೆಂದು ನೆಮ್ಮದಿಯಾಯಿತು. ನೆಮ್ಮದಿಯ ಹಿಂದೆಯೇ ಹೊಟ್ಟೆಯ ಮೂಲೆಯಲ್ಲಿ ಸಣ್ಣಗೆ ಉರಿಯತೊಡಗಿತು. ಈಗ ಹೆಂಡತಿಯ ಮೇಲೆ. ತನ್ನ ಈ ಹಾಳು ಹೊಟ್ಟೆಯನ್ನು ಏನು ಮಾಡುವುದೆಂದು ಅವನಿಗೇ ತಿಳಿಯಲಿಲ್ಲ. ಅವತ್ತು ಪಾತ್ರೆಯ ಸರದಿ ಅವನದು. ತಟ್ಟೆಗಳನ್ನೆಲ್ಲ ಒಟ್ಟುಗೂಡಿಸಿಕೊಂಡು ಎದ್ದು, ಬಚ್ಚಲ ಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತ.

ಒಳಗೆ ಮಾತು ನಗು ನಡೆದೇ ಇತ್ತು. ಇವನು ತಟ್ಟೆ ತೊಳೆದ, ಲೋಟ ತೊಳೆದ, ಅನ್ನದ ಪಾತ್ರೆಗೆ ಕೈ ಹಾಕಿದ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ಹಿಂದಿರುಗಿದ. ಯಾರೂ ಇಲ್ಲ. ನೀರನ್ನು ಸ್ವಲ್ಪ ಜೋರಾಗಿ ಬಿಟ್ಟ, ಲೋಟಗಳನ್ನು ಸದ್ದಾಗುವಂತೆ ಜೋಡಿಸಿದ. ಮತ್ತೊಮ್ಮೆ ಹಿಂದಿರುಗಿದಾಗ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಕೈ ಕಟ್ಟಿಕೊಂಡು.

“ನೋಡ್ದೆ ನೋಡ್ದೆ,” ಎಂದಳು. “ತಳ ಸರಿಯಾಗಿ ಉಜ್ಜಿ.”